ಮಾವನ ಚರ್ಮ

ಅವಳ ಶೆಡ್ಡಿನ ಬಾಗಿಲಲ್ಲಿ ಒಂದು ಸ್ಟೀಲಿನ ಬಟ್ಟಲು ಇರುತ್ತದೆ. ಒಳಗೆ ಬರುವವರು ಯಾರೇ ಆಗಿರಲಿ, ಕಾರಿನ ಒಡೆಯರೋ ಒಡೆಯರ ಬಾಲಂಗೋಚಿಗಳೋ, ಉಂಗುರ, ಬಳೆ, ಕೈಗಡಿಯಾರ ಎಲ್ಲ ಬಿಚ್ಚಿ ಬಟ್ಟಲಿಗೆ ಹಾಕಿಯೇ ಮುಂದಕ್ಕೆ ಹೆಜ್ಜೆ ಇಡಬೇಕು. ಲೋಹ ತೊಟ್ಟ ಕೈ ಹಳೆಯ ಕಾರಿನ ಮೈ ಸವರಿದರೆ ಗೀರು ಬೀಳುತ್ತದೆ. ಬಿದ್ದ ಮೇಲೆ ಅಯ್ಯೋ ಎಂದು ಏನು ಫಲ. ಒಮ್ಮೆ ಒಬ್ಬ ದೊಡ್ಡ ಮನುಷ್ಯ, "ಕಾರು ನಂದು, ಉಂಗುರ ನಂದು, ನಿನಗೇನಮ್ಮ ಕಷ್ಟ?" ಎಂದು ಕೇಳಿದ. "ಎರಡೂ ನಿಮ್ದೇ ಸ್ವಾಮಿ. ಗೀರು ಮಾತ್ರ ನನ್ನ ಹೆಸರಿಗೆ ಬರುತ್ತೆ" ಎಂದಳು. ತೆಪ್ಪಗೆ ಬಿಚ್ಚಿಟ್ಟ.

ಬೀದಿಯವರು ಅವಳನ್ನು ಕರೆಯುವುದು ಒರೆಸಮ್ಮ ಎಂದು. ಹಳೆಯ ಕಾರುಗಳನ್ನು ಪ್ರದರ್ಶನಕ್ಕೆ ಸಿದ್ಧಮಾಡಿ ಕೊಡುವುದು ಅವಳ ಕಸುಬು. ನೀರು ಹೊಡೆದು ಸೋಪು ಬಳಿದು ಕಳಿಸುವವರು ಊರು ತುಂಬ ಇದ್ದಾರೆ. ಇವಳ ಕೆಲಸ ಅದಲ್ಲ. ಬಾಗಿಲಿನ ಹಿಡಿಯ ಸಂದಿಗೆ ಹಲ್ಲುಜ್ಜುವ ಬ್ರಷ್ಷು, ಮೀಟರಿನ ಸುತ್ತ ಹತ್ತಿ ಸುತ್ತಿದ ಕಡ್ಡಿ, ಬಂಪರಿನ ಬೆಳ್ಳಿ ಹೊಳಪಿಗೆ ಹಿಟ್ಟಿನಷ್ಟು ನಯವಾದ ಪುಡಿ. ಶೆಡ್ಡಿನ ಗೋಡೆಗೆ ಒಂದರ ಕೆಳಗೊಂದು ಹಗ್ಗ ಕಟ್ಟಿದ್ದಾಳೆ. ಮೇಲಿನ ಹಗ್ಗದಲ್ಲಿ ಬಣ್ಣ ಒರೆಸುವ ಬಟ್ಟೆ, ಅದರ ಕೆಳಗೆ ಗಾಜಿನದು, ಅದರ ಕೆಳಗೆ ಸೀಟಿನದು, ನೆಲಕ್ಕೆ ತಾಗುವ ಹಾಗೆ ಚಕ್ರದ್ದು. ಮೇಲಿನ ಬಟ್ಟೆ ಹಳತಾದರೆ ಕೆಳಗಿನ ಹಗ್ಗಕ್ಕೆ ಇಳಿಯುತ್ತದೆ. ಒಮ್ಮೆ ಇಳಿದದ್ದು ಮತ್ತೆ ಮೇಲೇರುವುದಿಲ್ಲ. ಅವಳ ರಾಜ್ಯದಲ್ಲಿ ಕ್ಷಮಾದಾನದ ಕಾನೂನೇ ಇಲ್ಲ.

ಯಾವ ಹಗ್ಗಕ್ಕೂ ಸೇರದ ಒಂದು ವಸ್ತು ಅವಳ ಹೆಗಲ ಮೇಲೆ ಇರುತ್ತಿತ್ತು. ಬೆಣ್ಣೆಯಷ್ಟು ಮೆತ್ತನೆಯ ಚರ್ಮದ ಒರೆಬಟ್ಟೆ. ಎಲ್ಲ ಕೆಲಸ ಮುಗಿದ ಮೇಲೆ ಕೊನೆಯ ಕೈ ಅದರದ್ದು. ನೀರು ಬಿಟ್ಟು ಬೇರೇನೂ ಅದಕ್ಕೆ ತಾಗಬಾರದು, ಸೀಮೆಎಣ್ಣೆಯಂತೂ ಅದರ ಹತ್ತಿರವೂ ಸುಳಿಯಬಾರದು, ತಾಗಿದರೆ ಒಣಗಿ ರಟ್ಟಾಗುತ್ತದೆ. ಅವಳ ಮಾವ ಕೊಟ್ಟದ್ದು. ಮನೆಯಲ್ಲಿ ಅದನ್ನು ಮಾವನ ಚರ್ಮ ಎಂದೇ ಕರೆಯುತ್ತಿದ್ದರು. "ಬೇರೆ ಸೊಸೆಯಂದಿರು ಮಾವನ ಚರ್ಮ ಸುಲೀತೀನಿ ಅಂತಾರೆ, ನಮ್ಮವಳು ಹೆಗಲ ಮೇಲೆ ಹಾಕ್ಕೊಂಡು ಓಡಾಡ್ತಾಳೆ" ಎಂದು ಅವಳ ಗಂಡ ನಗುತ್ತಿದ್ದ. ಅವನು ಲಾರಿ ಓಡಿಸುವವನು, ದಾರಿಯ ತುಂಬ ಇಂಥ ಮಾತು ಕಟ್ಟಿಕೊಂಡು ಬರುತ್ತಿದ್ದ.

ಮಾವ ದೊಡ್ಡ ಗ್ಯಾರೇಜಿನ ಯಜಮಾನ. ಒರೆಸಮ್ಮ ಆ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ಅಂಗಳದಲ್ಲಿ ಒಂದು ಕಾರು ನಿಂತಿತ್ತು. ಬಾವಿಯ ನೀರಿನ ಹಸಿರು, ಗುಂಡಗಿನ ಬೆನ್ನು, ದುಂಡು ಕಣ್ಣು. ಮಾವ ಅದನ್ನು ಹೊಸತಾಗಿ ಕೊಂಡು ತಂದದ್ದು. ಬಣ್ಣ ಬದಲಿಸಿರಲಿಲ್ಲ, ಒಂದು ತಿರುಪು ಬದಲಿಸಿರಲಿಲ್ಲ. ಹಿರಿಯ ಸೊಸೆಗೆ ಆ ಕಾರಿನಲ್ಲಿ ಕೂರುವುದು ಇಷ್ಟ, ಕಿರಿಯ ಸೊಸೆಗೆ ಅದನ್ನು ಒರೆಸುವುದು ಇಷ್ಟ. ಮಾವ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಲಿಸಿದ. ಬಟ್ಟೆಯನ್ನು ಸುತ್ತು ಸುತ್ತಾಗಿ ಆಡಿಸಬಾರದು, ಉದ್ದಕ್ಕೆ ಎಳೆಯಬೇಕು. ಬಿಸಿಲಲ್ಲಿ ಮೇಣ ಹಚ್ಚಬಾರದು. ಒತ್ತಬಾರದು, ಬಟ್ಟೆಯ ಭಾರವೇ ಸಾಕು.

ಒಂದು ದಿನ ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಒಂದು ಹಳದಿ ಗೀಟು ತೋರಿಸಿದ. ಮೇಣದ ಬಳಪದಲ್ಲಿ ಎಳೆದದ್ದು, ಕೊಕ್ಕೆಯ ಹಾಗೆ ಬಾಗಿ ಕೊನೆಗೆ ಒಂದು ಸುಳಿ. ಅವಳು ಒರೆಸಲು ಕೈ ಚಾಚಿದಳು. ಮಾವ ಕೈ ಹಿಡಿದ.

"ಅದನ್ನ ಮಾತ್ರ ಮುಟ್ಟಬೇಡಮ್ಮ. ಕಾರ್ಖಾನೆಯಲ್ಲಿ ಇದನ್ನ ಪರೀಕ್ಷೆ ಮಾಡಿದವನು, ಎಲ್ಲ ಸರಿ ಇದೆ ಅಂತ ಎಳೆದ ಗೀಟು. ಅವನು ಯಾರೋ ಏನೋ. ಆದ್ರೆ ಅವನ ಮಾತು ಇನ್ನೂ ಇಲ್ಲಿ ನಿಂತಿದೆ ನೋಡು. ಇದು ಕಲೆ ಅಲ್ಲ, ಸಾಕ್ಷಿ."

ಅಂದಿನಿಂದ ಅವಳು ಆ ಗೀಟಿನ ಸುತ್ತಲೂ ಹಕ್ಕಿ ಗೂಡಿನ ಸುತ್ತ ಗುಡಿಸುವವಳ ಹಾಗೆ ಒರೆಸುತ್ತಿದ್ದಳು.

ಈಗ ಉಂಗುರದ ವಿಷಯ. ಹಿರಿಯ ಸೊಸೆಗೆ ಒಂದು ಕೆಂಪು ಕಲ್ಲಿನ ಉಂಗುರ ಇತ್ತು. ಕಲ್ಲು ಸಡಿಲವಾಗಿ ಅಲ್ಲಾಡತೊಡಗಿತು. ಅಕ್ಕಸಾಲಿಗನ ಹತ್ತಿರ ಹೋಗುವ ತಾಳ್ಮೆ ಆ ಮನೆಯಲ್ಲಿ ಯಾರಿಗಿತ್ತು? ಮಾವ ಗ್ಯಾರೇಜಿನ ಇಕ್ಕಳ ತಂದು, ಕಲ್ಲು ಹಿಡಿದಿದ್ದ ಚಿನ್ನದ ಉಗುರನ್ನು ಒಂದೇ ಸಲ ಅದುಮಿದ. ಕಲ್ಲು ಕೂತಿತು, ಆದರೆ ಚಿನ್ನದ ಮೇಲೆ ಇಕ್ಕಳದ ಹಲ್ಲು ಸಾಲಾಗಿ ಮೂಡಿತು. "ಮಾವ ನನ್ನ ಉಂಗುರಾನ ಕಚ್ಚಿಬಿಟ್ರು" ಎಂದು ಹಿರಿಯ ಸೊಸೆ ಬಂದವರಿಗೆಲ್ಲ ತೋರಿಸಿ ನಕ್ಕಳು. ಕಿರಿಯವಳೂ ನಕ್ಕಳು. ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಇರಬೇಕು.

ಉಂಗುರ ಕಳೆಯಿತು. ಅಂದು ಕಿರಿಯ ಸೊಸೆಯ ತಾಯಿ ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದಳು. ಹೊರಡುವ ಹೊತ್ತು. ಅಂಗಳದಲ್ಲಿ ಕಾರಿನ ಪಕ್ಕ ನಿಂತು ಚೀಲ ಹೆಗಲಿಗೆ ಏರಿಸಿಕೊಂಡಳು. ಹಿರಿಯ ಸೊಸೆ ಜಗಲಿಯಿಂದಲೇ, "ಹೊರಡೋ ಮುಂಚೆ ಚೀಲ ಒಂದ್ಸಲ ನೋಡಿಬಿಡಿ, ತಾಯಿ ಮಗಳ ವಸ್ತು ಕಲಸಿಹೋಗಿರುತ್ತೆ" ಎಂದಳು. ಮಾತು ಎಷ್ಟು ನಯ ನೋಡಿ, ರೇಷ್ಮೆಯಲ್ಲಿ ಸುತ್ತಿದ ಚಪ್ಪಲಿ. ಗ್ಯಾರೇಜಿನ ಕೆಲಸದವರು ಸ್ಪ್ಯಾನರು ಕೆಳಗಿಟ್ಟು ನೋಡುತ್ತಿದ್ದರು. ತಾಯಿ ಚೀಲ ಬಿಚ್ಚಿ ಒಂದೊಂದಾಗಿ ಕಾರಿನ ಬಾನೆಟ್ಟಿನ ಮೇಲೆ ಇಟ್ಟಳು. ಬಾಚಣಿಗೆ, ಕನ್ನಡಕದ ಡಬ್ಬಿ, ಕರವಸ್ತ್ರ, ಕೆಮ್ಮಿನ ಗುಳಿಗೆ. ಖಾಲಿ ಚೀಲವನ್ನು ತಲೆಕೆಳಗಾಗಿ ಕೊಡವಿದಳು. ಮತ್ತೆ ಎಲ್ಲ ತುಂಬಿಕೊಂಡು, ಬಾನೆಟ್ಟಿನ ಮೇಲೆ ಬಿದ್ದಿದ್ದ ಧೂಳನ್ನು ಕರವಸ್ತ್ರದಿಂದ ಒರೆಸಿ ಹೋದಳು. ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಸಾಯುವವರೆಗೂ.

ಕಳ್ಳಿ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಕಿರಿಯ ಸೊಸೆ ಕೋಣೆಗೆ ಬಂದರೆ ಬೀರುವಿನ ಬೀಗ ಕಟಕ್ ಎನ್ನುತ್ತಿತ್ತು. ಆ ಕಟಕ್ ಕೇಳಿ ಕೇಳಿ ಸಾಕಾಗಿ ಗಂಡ ಹೆಂಡತಿ ಬೇರೆ ಬಂದರು. ಹೊರಟ ದಿನ ಮಾವ ಗೇಟಿನವರೆಗೆ ಬಂದ, ಹೆಗಲ ಮೇಲಿದ್ದ ಚರ್ಮದ ಒರೆಬಟ್ಟೆ ತೆಗೆದು ಸೊಸೆಯ ಕೈಗಿಟ್ಟ. "ಇದು ನಿನ್ನ ಹತ್ತಿರವೇ ಇರಲಿ. ನೀನು ಒಳ್ಳೆಯವಳಮ್ಮ" ಎಂದ. ಮುಖ ಮಾತ್ರ ಗೇಟಿನ ಕಡೆ ಇತ್ತು. ಅಷ್ಟು ಜನರಲ್ಲಿ ಒಬ್ಬನಾದರೂ ನಂಬಿದನಲ್ಲ ಎಂದು ಅವಳು ದಾರಿಯುದ್ದಕ್ಕೂ ಅತ್ತಳು. ಆ ಚರ್ಮವೇ ಅವಳ ಅಂಗಡಿಯ ಮೊದಲ ಬಂಡವಾಳ.

ವರ್ಷಗಳು ಉರುಳಿದವು. ಮಾವ ತೀರಿಕೊಂಡ, ಗ್ಯಾರೇಜು ಹಿರಿಯ ಮಗನ ಪಾಲಿಗೆ, ಕಾರು ಹಿರಿಯ ಸೊಸೆಯ ಪಾಲಿಗೆ. ಒರೆಸಮ್ಮ ಏನೂ ಕೇಳಲಿಲ್ಲ. ಆದರೆ ಮರೆಯಲೂ ಇಲ್ಲ. ಚುಚ್ಚಿದವಳಿಗೆ ಮರೆತುಹೋಗುತ್ತದೆ, ಚುಚ್ಚಿಸಿಕೊಂಡವಳು ಮುಳ್ಳನ್ನು ಎಣ್ಣೆ ಹಚ್ಚಿ ಕಾಪಾಡುತ್ತಾಳೆ. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ" ಎನ್ನುತ್ತಿದ್ದಳು. ಅವಳಿದ್ದದ್ದೂ ನೀರಿನ ಹತ್ತಿರವೇ ತಾನೆ.

ಬಂದಳು. ಒಂದು ಮಧ್ಯಾಹ್ನ ಹಸಿರು ಕಾರು ಶೆಡ್ಡಿನ ಮುಂದೆ ನಿಂತಿತು, ಹಿಂದಿನ ಬಾಗಿಲಿಂದ ಹಿರಿಯ ಓರಗಿತ್ತಿ ಇಳಿದಳು. ಸ್ವಲ್ಪ ದಪ್ಪಗಾಗಿದ್ದಳು, ಗತ್ತು ಮಾತ್ರ ಸೊರಗಿರಲಿಲ್ಲ.

"ಏನೇ, ಚೆನ್ನಾಗಿದ್ದೀಯಾ?"

"ಇದ್ದೀನಿ ಅಕ್ಕ. ನೀವು ಬರೋ ಅಷ್ಟು ಚೆನ್ನಾಗಂತೂ ಇದ್ದೀನಿ."

ಅಕ್ಕನಿಗೆ ಆ ಮಾತು ತಾಗಿತೋ ಇಲ್ಲವೋ, ನೇರ ವಿಷಯಕ್ಕೆ ಬಂದಳು. ಹಳೆಯ ಕಾರುಗಳ ದೊಡ್ಡ ಪ್ರದರ್ಶನ ಇದೆ. ಮೂಲ ರೂಪದಲ್ಲೇ ಉಳಿದ ಕಾರುಗಳಿಗೆ ಬೇರೆಯದೇ ಸ್ಪರ್ಧೆ. ಮಗಳ ಮದುವೆ ಹೊಸತಾಗಿ ಆಗಿದೆ, ಬೀಗರು ನೋಡಲು ಬರುತ್ತಾರೆ. ಅವರ ಮನೆಯಲ್ಲಿ ಕಾರುಗಳು ಬೇಕಾದಷ್ಟಿವೆ, ಇಂಥದ್ದು ಇಲ್ಲ. ಅವರ ಕಣ್ಣೆದುರಿಗೆ ಮೊದಲ ಬಹುಮಾನ ಎತ್ತಬೇಕು.

"ಒಳಗೆ ಬನ್ನಿ ಅಕ್ಕ. ಉಂಗುರ ಬಳೆ ಮಾತ್ರ ಬಟ್ಟಲಿಗೆ ಹಾಕಿ."

"ನನ್ನ ಕಾರಿಗೆ ನನಗೇ ನಿಯಮಾನಾ?" ಎಂದು ಗೊಣಗುತ್ತಲೇ ಅಕ್ಕ ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿದಳು. ಟಿಣ್, ಟಿಣ್. ಒರೆಸಮ್ಮ ಬಟ್ಟಲು ಎತ್ತಿ ಪಕ್ಕಕ್ಕಿಡಲು ಹೋದಳು. ಬಳೆಗಳ ನಡುವೆ ಒಂದು ಕೆಂಪು ಕಲ್ಲು.

ಬೆರಳ ತುದಿಯಲ್ಲಿ ಉಂಗುರ ಹೊರಳಿಸಿದಳು. ಚಿನ್ನದ ಉಗುರಿನ ಮೇಲೆ ಇಕ್ಕಳದ ಹಲ್ಲು, ಸಾಲಾಗಿ.

"ಚೆನ್ನಾಗಿದೆ ಅಕ್ಕ, ಉಂಗುರ."

"ಅದಾ? ಅದು... ಹಳೇದು ಹೋಯ್ತಲ್ಲ, ಅದೇ ಥರ ಹೊಸದು ಮಾಡಿಸ್ಕೊಂಡೆ" ಎಂದಳು ಅಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವಳ ಹೆಬ್ಬೆರಳು ಖಾಲಿ ಬೆರಳನ್ನು ಸವರಿತು.

ಹೊಸ ಉಂಗುರಕ್ಕೆ ಯಾವ ಅಕ್ಕಸಾಲಿಗ ಗ್ಯಾರೇಜಿನ ಇಕ್ಕಳದ ಹಲ್ಲು ಮೂಡಿಸಿಕೊಡುತ್ತಾನೆ? ಒರೆಸಮ್ಮ ಉಂಗುರವನ್ನು ಬಟ್ಟಲಿಗೆ ಮೆಲ್ಲಗೆ ಇಳಿಸಿದಳು, ಶಬ್ದವಾಗದ ಹಾಗೆ.

"ಹೇಳಿ ಅಕ್ಕ. ಕಾರಿಗೆ ಏನು ಮಾಡ್ಬೇಕು?"

"ನನಗೇನು ಗೊತ್ತು ನಿನ್ನ ಕೆಲಸ. ಒಂದೂ ಕಲೆ ಉಳೀಬಾರ್ದು, ಅಷ್ಟೇ. ಒಂದೂ ಉಳೀಬಾರ್ದು. ನಾನು ಹೇಳಿದಷ್ಟು ಮಾಡು, ಜಾಣತನ ತೋರಿಸ್ಬೇಡ."

"ಆಯ್ತು ಅಕ್ಕ. ನೀವು ಹೇಳಿದಷ್ಟೇ ಮಾಡ್ತೀನಿ."

ಅಂದು ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಚಹಾದ ಲೋಟ ಕೆಳಗಿಟ್ಟ.

"ಹಳೇದೆಲ್ಲ ಯಾಕೆ ಕೆದಕ್ತೀಯೇ? ಬಿಟ್ಟಾಕು. ಕೆಲಸ ಒಲ್ಲೆ ಅಂತ ಕಾರು ವಾಪಸ್ ಕಳಿಸು."

"ನಿಮ್ಮ ಅಮ್ಮನ ಚೀಲ ಅಂಗಳದಲ್ಲಿ ಕೊಡವಿಸಿದ್ರೆ ಬಿಟ್ಟಾಕ್ತಿದ್ರಾ?"

ಅಂದು ಅಂಗಳದಲ್ಲಿ ಅವನೂ ಇದ್ದ, ಅವನ ಬಾಯಿಯೂ ಇತ್ತು.

"ಮತ್ತೇನು, ಕಾರು ಹಾಳು ಮಾಡ್ತೀಯಾ?"

"ಛೆ. ನನ್ನ ಕೈಯಿಂದ ಹಾಳು ಕೆಲಸ ಹೊರಗೆ ಹೋದ್ರೆ ನನಗೇ ಹೊಟ್ಟೆ ನೋಯುತ್ತೆ. ನೋಡ್ತಾ ಇರಿ, ಆ ಕಾರು ಇಷ್ಟು ಚೆನ್ನಾಗಿ ಯಾವತ್ತೂ ಇದ್ದಿರಬಾರ್ದು, ಹಂಗೆ ಮಾಡ್ತೀನಿ. ಬೀಳಿಸ್ಬೇಕು ಅಂದ್ರೆ ಮೊದಲು ಎತ್ತರಕ್ಕೆ ಹತ್ತಿಸ್ಬೇಕು ತಾನೆ?"

ಅವಳಿಗೆ ಬೇಕಾದದ್ದು ಇಷ್ಟು: ಉಂಗುರ ಸಿಕ್ಕಿತ್ತು, ಇವರು ಕದ್ದಿರಲಿಲ್ಲ ಎಂದು ಅಕ್ಕ ತನ್ನ ಬಾಯಿಂದಲೇ, ನಾಲ್ಕು ಜನರ ಎದುರಿಗೆ, ಅದೇ ಬಾನೆಟ್ಟಿನ ಮುಂದೆ ಹೇಳಬೇಕು. ಕೇಳಿಸಿಕೊಳ್ಳಲು ತಾಯಿ ಇಲ್ಲ. ಆದರೂ ಹೇಳಬೇಕು. ಅಲ್ಲಿಯವರೆಗೆ ಈ ಜೀವಕ್ಕೆ ತಂಪಿಲ್ಲ.

ಕೆಲಸ ಶುರುವಾಯಿತು. ಮೊದಲು ನೀರು, ಒತ್ತಡವಿಲ್ಲದ ನೀರು. ಆಮೇಲೆ ಮೈಯೆಲ್ಲ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ ಆಡಿಸಿದಳು. ಕಣ್ಣಿಗೆ ಕಾಣದ ಧೂಳಿನ ಮುಳ್ಳುಗಳನ್ನು ಅದು ಹೀರಿಕೊಳ್ಳುತ್ತದೆ, ಅಂಗೈ ಇಟ್ಟರೆ ಜಾರುತ್ತದೆ. ಸೀಟುಗಳನ್ನು ಹೊರಗೆ ತೆಗೆದು ಹೊಲಿಗೆಯ ಗೆರೆ ಗೆರೆಯಲ್ಲಿ ಬ್ರಷ್ಷು ಆಡಿಸಿದಳು. ಮಾವನ ಮೊಣಕೈ ಊರಿ ಊರಿ ಕಿಟಕಿಯ ಅಂಚಿನಲ್ಲಿ ಬಣ್ಣ ಸವೆದು ಒಂದು ನಯವಾದ ಹಳ್ಳ ಆಗಿತ್ತು. ಅದಕ್ಕೆ ಮೇಣ ಮಾತ್ರ ಹಚ್ಚಿ ಬಿಟ್ಟಳು. ಆ ಹಳ್ಳದ ಮೇಲೆ ಅವಳ ಕೈ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಮಾವನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ ಆಗ.

ಬಾನೆಟ್ಟಿನ ಮೇಲ್ಮೈ ಕೊನೆಗೆ. ತಾಯಿಯ ಬಾಚಣಿಗೆ ಇಲ್ಲಿತ್ತು, ಕನ್ನಡಕ ಇಲ್ಲಿ, ಗುಳಿಗೆ ಇಲ್ಲಿ. ಒಂದೊಂದು ಜಾಗಕ್ಕೂ ಬಟ್ಟೆ ಎಳೆದಾಗ ಅವಳ ತುಟಿ ಏನೋ ಲೆಕ್ಕ ಹಾಕುತ್ತಿತ್ತು. ಪಕ್ಕದ ಟಯರು ಅಂಗಡಿಯವನು, "ಒರೆಸಮ್ಮ, ಕಾರಿಗೆ ಮಂತ್ರ ಹಾಕ್ತಿದ್ದೀಯಾ?" ಎಂದ. "ಕಾರಿಗಲ್ಲಪ್ಪ" ಎಂದಳು.

ಪ್ರದರ್ಶನದ ಹಿಂದಿನ ದಿನ ಅಕ್ಕ ನೋಡಲು ಬಂದಳು. ಈ ಸಲ ಬೆರಳಲ್ಲಿ ಕೆಂಪು ಕಲ್ಲು ಇರಲಿಲ್ಲ. ಕಾರನ್ನು ಎರಡು ಸಲ ಸುತ್ತು ಹಾಕಿದಳು. ಆದರೂ ಒಂದು ಕೊಂಕು ಹುಡುಕದೆ ಹೋದರೆ ಅವಳು ಅಕ್ಕ ಹೇಗಾದಾಳು? ಬಾನೆಟ್ಟಿನೊಳಗೆ ಇಣುಕಿ, "ಅಲ್ಲೊಂದು ಹಳದಿ ಕಲೆ ಇದೆಯಲ್ಲೇ. ಕುರುಡೀನಾ? ಒಂದೂ ಉಳೀಬಾರ್ದು ಅಂದಿದ್ನಲ್ಲ" ಎಂದಳು. ಗೀಟಿನ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಮಾವ ಅದನ್ನು ಒರೆಸುವವಳಿಗೆ ಮಾತ್ರ ಹೇಳಿದ್ದ, ಕೂರುವವಳಿಗೆ ಹೇಳಿರಲಿಲ್ಲ.

"ಅದಕ್ಕೆ ಸೀಮೆಎಣ್ಣೆ ಬೇಕು ಅಕ್ಕ. ನಾಳೆ ಅಲ್ಲೇ, ಮೈದಾನದಲ್ಲೇ, ನಿಮ್ಮೆದುರಿಗೇ ತೆಗೀತೀನಿ."

"ಮರೀಬೇಡ ಮತ್ತೆ."

"ಮರೆಯೋ ಅಭ್ಯಾಸ ನನಗಿಲ್ಲ."

ಮೈದಾನದ ಹುಲ್ಲಿನ ಮೇಲೆ ಕಾರುಗಳು ಬಾನೆಟ್ ಎತ್ತಿ ನಿಂತಿದ್ದವು, ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದು ಕೂತವರ ಹಾಗೆ. ಅಕ್ಕ ತನ್ನ ಕಾರಿನ ಪಕ್ಕ ಬೀಗರನ್ನು ನಿಲ್ಲಿಸಿಕೊಂಡು ಇದು ನಮ್ಮ ಮಾವನ ಕಾಲದ್ದು, ನಾನೇ ಕೈಯಾರೆ ಕಾಪಾಡಿಕೊಂಡು ಬಂದದ್ದು ಎಂದು ವಿವರಿಸುತ್ತಿದ್ದಳು. ಬೀಗಿತ್ತಿ ತೆಳ್ಳಗಿನ, ಮಾತು ಕಡಿಮೆಯ, ಕಣ್ಣು ಚುರುಕಿನ ಹೆಂಗಸು. ಅಳಿಯ ಫೋಟೋ ತೆಗೆಯುತ್ತಿದ್ದ. ಒರೆಸಮ್ಮ ಬಾನೆಟ್ಟಿನೊಳಗೆ ಬಗ್ಗಿ ಕೊನೆಯ ಧೂಳು ತೆಗೆಯುತ್ತಿದ್ದಳು. ಸೀಮೆಎಣ್ಣೆಯ ಪುಟ್ಟ ಡಬ್ಬಿ ಕಾಲ ಬಳಿ, ಚರ್ಮದ ಒರೆಬಟ್ಟೆ ಹೆಗಲ ಮೇಲೆ.

ತೀರ್ಪುಗಾರ ಪಕ್ಕದ ಕಾರಿನ ಹತ್ತಿರ ಬಂದ. ವಯಸ್ಸಾದವನು, ಮಂಡಿಗೆ ಹಾಕಿಕೊಳ್ಳಲು ತನ್ನದೇ ಚಾಪೆ ತುಂಡು ತಂದಿದ್ದ. ಟಾರ್ಚು ಹಿಡಿದು ಎಂಜಿನ್ನಿನ ಹಿಂದೆ ಏನೋ ಹುಡುಕಿದ.

"ಗೀಟು ಎಲ್ಲಿ ಸ್ವಾಮಿ?" ಎಂದ ಆ ಕಾರಿನವನಿಗೆ.

"ಯಾವ ಗೀಟು?"

"ಕಾರ್ಖಾನೆಯವರು ಬಳಪದಲ್ಲಿ ಎಳೆದದ್ದು. ಮೇಲೆ ಬಣ್ಣ ಹೊಡೆಸಿಬಿಟ್ರಾ? ಅಯ್ಯೋ, ಎಂಥ ಕೆಲಸ ಮಾಡಿದ್ರಿ. ಈ ವಿಭಾಗದಲ್ಲಿ ನಾನು ಮೊದಲು ನೋಡೋದೇ ಅದನ್ನ. ಅದಿಲ್ಲ ಅಂದ್ರೆ ಮೂಲ ಅಂತ ಹೆಂಗೆ ಒಪ್ಪಲಿ?"

ಆ ಪ್ರಶ್ನೆ ಒರೆಸಮ್ಮನಿಗೆ ಹಳೆಯದು, ಅಕ್ಕನಿಗೆ ಹೊಸದು. ಅಕ್ಕನ ಕಿವಿ ನೆಟ್ಟಗಾಯಿತು. ತನ್ನ ಕಾರಿನೊಳಗೆ ನೋಡಿದಳು. ಹಳದಿ ಗೀಟು ಇನ್ನೂ ಇತ್ತು. ಅದರಿಂದ ಒಂದು ಬೆರಳಿನಷ್ಟು ದೂರದಲ್ಲಿ ಒರೆಸಮ್ಮನ ಕೈ, ಕೈಯಲ್ಲಿ ಸೀಮೆಎಣ್ಣೆ ಅದ್ದಿದ ಬಟ್ಟೆ.

"ಏಯ್, ನಿಲ್ಲು. ಅದನ್ನ ಮುಟ್ಟಬೇಡ."

"ಒಂದೂ ಕಲೆ ಉಳೀಬಾರ್ದು ಅಂದಿದ್ರಲ್ಲ ಅಕ್ಕ." ಒರೆಸಮ್ಮ ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. "ಎಲ್ಲ ತೆಗೆದೆ. ಎರಡು ಉಳಿದಿದೆ. ಒಂದು ಇದು. ಇನ್ನೊಂದು ನನ್ನ ಮೇಲೆ, ನಮ್ಮಮ್ಮನ ಮೇಲೆ ನೀವು ಹಾಕಿದ್ದು. ಇವೆರಡರಲ್ಲಿ ಯಾವುದು ಹೋಗ್ಲಿ, ನೀವೇ ಹೇಳಿ. ನೀವು ಹೇಳಿದಷ್ಟೇ ಮಾಡ್ತೀನಿ."

"ನಿನಗೇನು ತಲೆ ಕೆಟ್ಟಿದೆಯಾ? ಬೀಗರು ನಿಂತಿದ್ದಾರೆ."

"ಅವತ್ತು ನಮ್ಮಮ್ಮನೂ ನಿಮ್ಮ ಬೀಗಿತ್ತಿನೇ ಆಗಿದ್ಲು. ಇಲ್ಲೇ, ಇದೇ ಬಾನೆಟ್ಟಿನ ಮೇಲೆ ಚೀಲ ಕೊಡವಿದ್ಲು."

ತೀರ್ಪುಗಾರ ಪಕ್ಕದ ಕಾರಿನ ಚಕ್ರದ ಹತ್ತಿರ ಚಾಪೆ ಹಾಸಿ ಮಂಡಿಯೂರಿದ. ಮೂರು ಜನ್ಮದ ಗತ್ತು ಒಂದು ಕಡೆ, ಒಂದು ಹಳದಿ ಗೀಟು ಒಂದು ಕಡೆ. ಅಕ್ಕ ಬಾನೆಟ್ಟಿನೊಳಗೆ ತಲೆ ತೂರಿಸಿ ಪಿಸುಗುಟ್ಟಿದಳು, "ಉಂಗುರ ಸಿಕ್ತು. ಆಯ್ತಾ? ಈಗ ಕೈ ತೆಗಿ."

"ಎಂಜಿನ್‌ಗೆ ಯಾಕೆ ಹೇಳ್ತೀರಾ ಅಕ್ಕ? ಅದಕ್ಕೆ ಆವಾಗಲೇ ಗೊತ್ತಿತ್ತು. ಜನಕ್ಕೆ ಹೇಳಿ."

ಬೀಗಿತ್ತಿ ಒಂದು ಹೆಜ್ಜೆ ಹತ್ತಿರ ಬಂದಳು. "ಏನು ವಿಷಯ? ಯಾವ ಉಂಗುರ?"

ಅಕ್ಕ ನೆಟ್ಟಗೆ ನಿಂತಳು. "ನನ್ನದೊಂದು ಉಂಗುರ ಕಳೆದಿತ್ತು. ಇವಳು ತೆಗೆದಳು ಅಂದ್ಕೊಂಡೆ. ಇವಳ ಅಮ್ಮನ ಚೀಲ ಬಿಚ್ಚಿಸಿದೆ, ಎಲ್ಲರ ಎದುರಿಗೆ. ಆಮೇಲೆ ಅದೇ ವಾರ ಸಿಕ್ತು, ಈ ಕಾರಿನ ಹಿಂದಿನ ಸೀಟಿನ ಸಂದೀಲಿ. ಇವಳು ತೆಗೆದಿರಲಿಲ್ಲ. ಇವಳ ಅಮ್ಮನೂ ತೆಗೆದಿರಲಿಲ್ಲ."

ಅಳಿಯ ಕ್ಯಾಮೆರಾ ಕೆಳಗಿಳಿಸಿದ. ಒರೆಸಮ್ಮನ ಎದೆಯೊಳಗೆ ಇಷ್ಟು ಕಾಲ ಬಿಗಿದಿದ್ದ ಒಂದು ತಿರುಪು ಅರ್ಧ ಸುತ್ತು ಸಡಿಲಾಯಿತು. ಬಟ್ಟೆ ಹಿಡಿದ ಕೈ ಗೀಟಿನಿಂದ ಹಿಂದೆ ಬಂತು. ಮಾತು ಎಂದರೆ ಮಾತು, ಗೀಟು ಉಳಿಯಬೇಕಿತ್ತು. ಆದರೆ ಬೀಗಿತ್ತಿ ಸುಮ್ಮನಿರುವ ಹೆಂಗಸಲ್ಲ.

"ಸಿಕ್ಕಿದ ದಿನವೇ ಯಾಕೆ ಹೇಳಲಿಲ್ಲ ನೀವು?"

"ಸಿಕ್ಕಿದ್ದು ನನಗಲ್ಲ, ನಮ್ಮ ಮಾವನಿಗೆ." ಅಕ್ಕನ ದನಿಯಲ್ಲಿ ಈಗ ಸುಳ್ಳಿಗೆ ಬೇಕಾದ ಶಕ್ತಿಯೂ ಉಳಿದಿರಲಿಲ್ಲ. "ಸೀಟು ಬಿಚ್ಚಿದಾಗ ಸಿಕ್ತಂತೆ. ತಂದು ನನ್ನ ಕೈಲಿಟ್ರು. 'ಆಗಿದ್ದು ಆಗಿಹೋಯ್ತು. ಈಗ ಬಾಯಿ ಬಿಟ್ರೆ ಮನೆ ಮರ್ಯಾದೆ ಹೋಗುತ್ತೆ. ಒಳಗಿಡು, ಸದ್ಯಕ್ಕೆ ಹಾಕ್ಕೋಬೇಡ. ಚಿಕ್ಕವಳಿಗೆ ನಾನು ಏನಾದ್ರೂ ಸಮಾಧಾನ ಮಾಡ್ತೀನಿ' ಅಂದ್ರು."

ಸಮಾಧಾನ. ಒರೆಸಮ್ಮ ತನ್ನ ಹೆಗಲಿನ ಕಡೆ ನೋಡಿಕೊಂಡಳು. ಗೇಟಿನ ಕಡೆ ತಿರುಗಿದ್ದ ಆ ಮುಖ ಈಗ ಅವಳಿಗೆ ಅರ್ಥವಾಯಿತು. ನಂಬಿದವನು ಕೊಟ್ಟ ಬಹುಮಾನವಲ್ಲ ಅದು. ಎಲ್ಲ ಗೊತ್ತಿದ್ದವನು ಬಾಯಿಗೆ ಒತ್ತಿದ ಬಟ್ಟೆ. ಅದನ್ನೇ ಅವಳು ಇಷ್ಟು ಕಾಲ ಹೊತ್ತುಕೊಂಡು, ನೀರು ಬಿಟ್ಟು ಬೇರೇನೂ ತಾಗಿಸದೆ ಸಾಕಿದ್ದಳು.

ಅವಳು ಅವಸರ ಮಾಡಲಿಲ್ಲ. ಕೈಯಲ್ಲಿದ್ದ ಬಟ್ಟೆ ಮಡಿಚಿ ಕೆಳಗಿಟ್ಟಳು. ಹೆಗಲ ಮೇಲಿನ ಚರ್ಮ ತೆಗೆದಳು, ಬಗ್ಗಿ ಸೀಮೆಎಣ್ಣೆಯ ಡಬ್ಬಿಯಲ್ಲಿ ಅದರ ಒಂದು ಮೂಲೆ ಅದ್ದಿದಳು. ಚೆನ್ನಾಗಿ ಅದ್ದಿದಳು.

"ಏಯ್, ನಾನು ಹೇಳಿದೆನಲ್ಲ, ಎಲ್ಲ ಹೇಳಿದೆನಲ್ಲ" ಎಂದಳು ಅಕ್ಕ.

"ಹೇಳಿದ್ರಿ ಅಕ್ಕ. ನಿಮ್ಮ ಲೆಕ್ಕ ಮುಗೀತು. ಇದು ನಿಮಗಲ್ಲ."

ಉದ್ದಕ್ಕೆ ಒಂದು ಎಳೆತ. ಒತ್ತಲಿಲ್ಲ, ಬಟ್ಟೆಯ ಭಾರವೇ ಸಾಕಾಯಿತು. ಕೊಕ್ಕೆ ಹೋಯಿತು, ಸುಳಿ ಹೋಯಿತು, ತಗಡು ಖಾಲಿಯಾಯಿತು.

"ಇದು ಕಲೆ ಅಲ್ಲ, ಸಾಕ್ಷಿ ಅಂದಿದ್ರು ಮಾವ" ಎಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ. "ಬಾಯಿ ಬಿಡದ ಸಾಕ್ಷಿ ಕಲೇನೇ ತಾನೆ."

ತೀರ್ಪುಗಾರ ಚಾಪೆ ಎತ್ತಿಕೊಂಡು ಇವರ ಕಡೆ ಬಂದ. ಕಾರು ಸುತ್ತಿದ, ಬಾಗಿಲು ತೆರೆದ, ಸೀಟು ಮುಟ್ಟಿದ, ಕಿಟಕಿಯ ಅಂಚಿನ ಹಳ್ಳದಲ್ಲಿ ಮೊಣಕೈ ಇಟ್ಟು ನೋಡಿ ನಕ್ಕ. "ಇಂಥ ಕಾರು ನೋಡಿ ಎಷ್ಟು ದಿನ ಆಗಿತ್ತು" ಎಂದ. ಆಮೇಲೆ ಬಾನೆಟ್ಟಿನೊಳಗೆ ಟಾರ್ಚು ಹಾಕಿದ. ಬೆಳಕು ಆ ಕಡೆ ಈ ಕಡೆ ಓಡಾಡಿ ಒಂದು ಕಡೆ ನಿಂತಿತು. ಮೂಗು ಅರಳಿಸಿದ. ಸೀಮೆಎಣ್ಣೆಯ ವಾಸನೆ ಇನ್ನೂ ಹಸಿಯಾಗಿತ್ತು.

"ಇಲ್ಲೊಂದು ಗೀಟು ಇತ್ತಲ್ಲ. ಈಗಷ್ಟೇ ಒರೆಸಿದ್ದಾರೆ. ಯಾರು ಮಾಡಿದ್ದು ಇದನ್ನ?"

ಒರೆಸಮ್ಮನ ಬಾಯಲ್ಲಿ ಉತ್ತರ ಸಿದ್ಧವಿತ್ತು. ಅಕ್ಕ ಬೆರಳು ತೋರಿಸುವುದು, ಇವಳೇ ಎನ್ನುವುದು, ಅದಕ್ಕೆ ತಾನು ಹೇಳಿದಷ್ಟು ಮಾಡಿದೆ ಎನ್ನುವುದು, ಎಲ್ಲವನ್ನೂ ಅವಳು ಮನಸ್ಸಿನಲ್ಲೇ ಆಡಿ ನೋಡಿದ್ದಳು. ಈ ಸಲ ಬೆರಳು ತೋರಿಸಿದರೆ ಅದು ನಿಜವೂ ಆಗಿರುತ್ತಿತ್ತು.

ಅಕ್ಕನ ಕೈ ಅರ್ಧ ಎದ್ದಿತು. ಬೀಗಿತ್ತಿ ಆ ಕೈಯನ್ನೇ ನೋಡುತ್ತಿದ್ದಳು. ಕೈ ಹಾಗೇ ಕೆಳಗಿಳಿಯಿತು.

"ನಾನು" ಎಂದಳು ಅಕ್ಕ. "ಒಂದೂ ಕಲೆ ಉಳೀಬಾರ್ದು ಅಂತ ನಾನೇ ಹೇಳಿದ್ದೆ."

ತೀರ್ಪುಗಾರ ತಲೆಯಾಡಿಸಿ ಏನೋ ಗುರುತು ಹಾಕಿಕೊಂಡು ಮುಂದಿನ ಕಾರಿಗೆ ಹೋದ. ಬಹುಮಾನ ಬೇರೆ ಯಾವುದೋ ಕಾರಿಗೆ ಹೋಯಿತು. ಬೀಗಿತ್ತಿ ಹೊರಡುವಾಗ ಒರೆಸಮ್ಮನ ಹತ್ತಿರ ಬಂದು, "ನಿಮ್ಮಮ್ಮ ಇದ್ದಾರಾ?" ಎಂದು ಕೇಳಿದಳು. ಇಲ್ಲ ಎಂದಾಗ ಅವಳ ಮುಂಗೈ ಮುಟ್ಟಿ ಹೋದಳು. ಓರಗಿತ್ತಿಯರಿಬ್ಬರೂ ಕಾರಿನ ಎರಡು ಪಕ್ಕದಲ್ಲಿ ನಿಂತು ಬಾನೆಟ್ ಇಳಿಸಿದರು.

ಮನೆಗೆ ಬಂದ ಮೇಲೆ ಗಂಡ ಕೇಳಿದ, "ಸಮಾಧಾನ ಆಯ್ತೇನೇ?"

"ಅರ್ಧ ಆಯ್ತು ರೀ."

"ಇನ್ನರ್ಧ?"

"ಅದು ನಿಮ್ಮಪ್ಪನ ಹತ್ತಿರ ಇದೆ. ಅವರೂ ಮೇಲೆ ಎಲ್ಲೋ ಏನನ್ನೋ ತೊಳೆಸ್ಬೇಕಾಗುತ್ತೆ ಒಂದಿನ. ನನ್ನ ಹತ್ತಿರವೇ ಬರ್ಬೇಕು, ನೋಡೋಣ."

ಅವನು ನಗಬೇಕೋ ಬೇಡವೋ ತಿಳಿಯದೆ ಅವಳ ಹೆಗಲ ಕಡೆ ನೋಡಿದ. ಹೆಗಲು ಖಾಲಿ ಇತ್ತು.

ಈಗಲೂ ಒರೆಸಮ್ಮನ ಶೆಡ್ಡಿಗೆ ಹೋದರೆ ಬಾಗಿಲಲ್ಲಿ ಬಟ್ಟಲು ಇದೆ, ಗೋಡೆಗೆ ಹಗ್ಗಗಳಿವೆ. ಕೆಳಗಿನ ಹಗ್ಗದಲ್ಲಿ, ಕಪ್ಪು ಎಣ್ಣೆ ಬಟ್ಟೆಗಳ ನಡುವೆ, ರಟ್ಟಿನ ಹಾಗೆ ಸೆಟೆದ ಒಂದು ಚರ್ಮದ ತುಂಡು ತೂಗುತ್ತದೆ. ಇದೇನು ಎಂದು ಕೇಳಿದವರಿಗೆ ಅವಳು ತಿರುಗಿಯೂ ನೋಡದೆ ಹೇಳುತ್ತಾಳೆ:

"ಮಾವನ ಚರ್ಮ. ಚಕ್ರಕ್ಕೆ ಚೆನ್ನಾಗಿದೆ."